ಹವಳಕ್ಕೆ ಎಷ್ಟು ನೀಲಿ

ಜನವರಿ ೯

ಎಲ್ಲವನ್ನೂ ಅಳೆದು ನೋಡುವ ಮೀಟರಪ್ಪನವರಿಗೆ,

ಅಕ್ಕನ ಆಶೀರ್ವಾದ. ಗಾಬರಿಯಾಗಬೇಡ ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸವನ್ನು ಸದ್ಯಕ್ಕೆ ನಾನೊಬ್ಬಳೇ ಮಾಡುತ್ತಿದ್ದೇನೆ.

ನಿನ್ನ ಹವಳದ ತೊಟ್ಟಿಯ ದೀಪ ಕೈಕೊಟ್ಟಿದೆ. ಟ್ಯೂಬುಗಳು ಒಂದರ ಹಿಂದೆ ಒಂದು ಹೋದವು. ಕೊನೆಯದು ಢಬ್ ಅಂದಾಗ ನಾನು ನೀರಿಗೆ ಉಪ್ಪು ಕದಡುತ್ತಿದ್ದೆ, ಜೀವ ಬಾಯಿಗೆ ಬಂತು. ಈಗ ಕಿಟಕಿಯ ಬೆಳಕಿನಲ್ಲೇ ಇಟ್ಟಿದ್ದೇನೆ. ಅಮ್ಮ ಮಲಗುತ್ತಿದ್ದ ಕೋಣೆ ಅದು, ನಿನಗೆ ಗೊತ್ತಲ್ಲ, ಕಿಟಕಿ ಅಂತ ಹೆಸರಿಗೆ ಒಂದಿದೆ ಅಷ್ಟೇ. ಕಣ್ಣು ಹೋದ ಮೇಲೆ ಅಮ್ಮನಿಗೆ ಅದು ಸಾಕಾಗಿತ್ತು, ಹವಳಕ್ಕೆ ಸಾಲುತ್ತದೆಯೇ?

ನೀನು ಹಡಗು ಹತ್ತುವಾಗ ಹೇಳಿದ್ದೆ, "ಅಕ್ಕಾ, ಇವು ಕಲ್ಲಲ್ಲ, ಜೀವ" ಅಂತ. ಆವತ್ತಿನಿಂದ ನನಗೆ ಕೋಣೆಯ ಬಾಗಿಲು ತೆರೆಯಲೇ ಅಂಜಿಕೆ. ಬೆಳಗ್ಗೆ ಶಾಲೆಯ ಮಕ್ಕಳನ್ನು ವ್ಯಾನಿಗೆ ತುಂಬಿಕೊಳ್ಳುವುದು, ಸಂಜೆ ಮನೆಮನೆಗೆ ಇಳಿಸುವುದು, ಇವೆಲ್ಲ ನಿನ್ನ ಭಾವ ಹೋದ ಮೇಲೆ ರೂಢಿಯಾಗಿದೆ. ಮಕ್ಕಳು ಹೊಟ್ಟೆ ನೋವಾದರೆ ಅಳುತ್ತವೆ. ನಿನ್ನ ಹವಳ ಸತ್ತರೂ ಸದ್ದು ಮಾಡುವುದಿಲ್ಲವಲ್ಲೋ.

ಅಂಗಡಿಯವನು ಮೂರು ಥರದ ದೀಪ ತೋರಿಸಿದ. ಮೊದಲಿನಂಥದ್ದೇ ಟ್ಯೂಬು. ಬಾಣಲೆಯ ಹಾಗೆ ಕಾಯುವ ಒಂದು ದೊಡ್ಡ ಬಲ್ಬು. ಮತ್ತೊಂದು ಚಪ್ಪಟೆ ಎಲ್‌ಇಡಿ, ಬಿಳಿಗೊಂದು ಗುಂಡಿ, ನೀಲಿಗೊಂದು ಗುಂಡಿ. "ಯಾವುದು ಒಳ್ಳೇದಪ್ಪ?" ಅಂದರೆ "ನಿಮ್ಮ ಹವಳ ಯಾವ್ದು ಕೇಳುತ್ತೆ ಅದೇ ಮೇಡಂ" ಅನ್ನುತ್ತಾನೆ. ಅದು ಬಾಯಿಬಿಟ್ಟು ಕೇಳಿದ್ದರೆ ನಾನ್ಯಾಕೆ ಇವನ ಹತ್ತಿರ ಹೋಗುತ್ತಿದ್ದೆ? ಬೇಗ ಬರೆ.

ದಪ್ಪ ಅಕ್ಷರ ನೋಡಿ ನಗಬೇಡ. ಪೆನ್ನು ಸಿಗಲಿಲ್ಲ, ಮಗಳ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ.

ನಿನ್ನ ಅಕ್ಕ


ಜನವರಿ ೨೮

ಅಕ್ಕಾ,

ನಿನ್ನ ಕಾಗದ ಈ ಬಂದರಿನಲ್ಲಿ ಹಡಗು ಕಂಪನಿಯ ಟಪಾಲು ಚೀಲದಲ್ಲಿ ಸಿಕ್ಕಿತು. ಹಡಗಿನಲ್ಲಿ ಫೋನು ಹತ್ತುವುದಿಲ್ಲ, ಕಾಗದವೇ ಗತಿ. ಅಕ್ಷರ ನೋಡಿ ನನ್ನ ಜೊತೆಯ ಫಿಟ್ಟರ್ "ಇದೇನು ಕಾಗದವೋ, ಗೋಡೆಗೆ ಅಂಟಿಸೋ ಪೋಸ್ಟರೋ?" ಅಂದ.

ದೀಪದ ವಿಷಯ. ದೊಡ್ಡ ಬಲ್ಬು ಬೇಡವೇ ಬೇಡ, ನೀರು ಕಾಯುತ್ತದೆ. ಟ್ಯೂಬಿನ ಬೆಳಕು ಸಮನಾಗಿ ಹರಡುತ್ತದೆ ನಿಜ, ಆದರೆ ಅದರ ನೀಲಿ ಬೇಗ ಸೊರಗುತ್ತದೆ, ಸೊರಗಿದ್ದು ನಮಗೆ ಗೊತ್ತಾಗುವುದಿಲ್ಲ. ಎಲ್‌ಇಡಿ ತಗೋ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಅದು ಬೆಳಕು ಉಂಡು ಹವಳಕ್ಕೆ ಉಣಿಸುತ್ತದೆ. ಅದಕ್ಕೆ ಬೇಕಾದದ್ದು ಹೆಚ್ಚಾಗಿ ನೀಲಿ, ಸಮುದ್ರದ ಆಳಕ್ಕೆ ಇಳಿಯುವ ಬೆಳಕು ಅದೇ. ಬಿಳಿ ನಮ್ಮ ಚಂದಕ್ಕೆ.

ನೀರಿನಿಂದ ಒಂದು ಮೊಳ ಮೇಲೆ ತೂಗುಹಾಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಆಮೇಲೆ ಮೇಲೆ ಹೋಗಬೇಕು. ಉಪ್ಪುನೀರು ಜಾರಿದರೆ ಆ ಜೋತಿನಲ್ಲೇ ತೊಟ್ಟಿಕ್ಕಲಿ, ಪ್ಲಗ್ಗಿಗೆ ಹೋಗದಿರಲಿ. ಇದನ್ನು ಮರೆತೆಯೋ, ನನ್ನ ಮೇಲಾಣೆ. ನೀಲಿ ಹತ್ತರಲ್ಲಿ ನಾಲ್ಕಕ್ಕೆ ಇಡು, ಬಿಳಿ ಎರಡಕ್ಕೆ. ವಾರಕ್ಕೊಂದು ಕೂದಲೆಳೆಯಷ್ಟು ಏರಿಸು. ಬೆಳಕು ಕಡಿಮೆಯಾದರೆ ಹವಳ ಕಂದಾಗುತ್ತದೆ, ಅದನ್ನು ಸರಿಪಡಿಸಬಹುದು. ಹೆಚ್ಚಾದರೆ ಪಾಚಿಯನ್ನೆಲ್ಲ ಕಕ್ಕಿ ಬೆಳ್ಳಗಾಗುತ್ತದೆ. ಆಮೇಲೆ ಉಪವಾಸ ಬಿದ್ದು ಸಾಯುತ್ತದೆ.

ಒಂದು ಎಡವಟ್ಟಾಗಿದೆ. ಬೆಳಕು ಅಳೆಯುವ ಮೀಟರು ನನ್ನ ಟೂಲ್ ಬಾಕ್ಸಿನಲ್ಲೇ ಬಂದುಬಿಟ್ಟಿದೆ. ಹೋಗಲಿ ಬಿಡು, ನಿನ್ನ ಕಣ್ಣೇ ಮೀಟರು. ನೀನು ನೋಡಿ ಬರೆ, ನಾನು ಇಲ್ಲಿಂದ ಹೇಳುತ್ತೇನೆ.

ಹಾಳೆ ಮುಗಿಯಿತು, ಉಳಿದದ್ದು ಅಂಚಿನಲ್ಲಿ. ಸಂಜೆ ಡೆಕ್ಕಿನ ದೀಪ ಹಚ್ಚಿದಾಗ ನೀನು ಇಲ್ಲಿರಬೇಕಿತ್ತು. ಒಂದೊಂದು ದೀಪದ ಸುತ್ತಲೂ ಬಣ್ಣಬಣ್ಣದ ಬಳೆ, ಕಾಮನಬಿಲ್ಲನ್ನು ಬಗ್ಗಿಸಿ ಮಾಡಿದ ಹಾಗೆ. ಸಮುದ್ರದ ಮಂಜಿಗೆ ಹಾಗಾಗುತ್ತದೆ ಅಂತ ಕಾಣುತ್ತೆ. ನಿನಗೆ ಹೇಗನಿಸಿತು ಬರೆ.

ತಮ್ಮ


ಫೆಬ್ರವರಿ ೧೫

ಮೀಟರಪ್ಪ,

ಎಲ್‌ಇಡಿ ಬಂತು. ಎದುರು ಮನೆಯ ಬಡಗಿ ಬಂದು ಕೊಕ್ಕೆ ಹೊಡೆದು ತೂಗುಹಾಕಿದರು. ವೈರು ನೀನು ಹೇಳಿದ ಹಾಗೇ ಜೋತು ಬಿದ್ದಿದೆ, ನಿನ್ನ ಆಣೆಗೆ ಏನೂ ಆಗಿಲ್ಲ.

ಆದರೆ ಅಷ್ಟೊಂದು ಹೊಗಳಿದೆಯಲ್ಲ, ಈ ದೀಪದಲ್ಲಿ ದಮ್ಮೇ ಇಲ್ಲ ಕಣೋ. ನಾಲ್ಕಕ್ಕೆ ಇಟ್ಟರೆ ಹಳೇ ಬಲ್ಬಿನ ಹಾಗೆ ಹಳದಿ ಹಳದಿ. ನೀಲಿ ಎಲ್ಲಿ ಅಂತ ಹುಡುಕಬೇಕು. ಮೇಲಿನ ಕವಲು ಹವಳ ನೀನು ಬಿಟ್ಟು ಹೋದಾಗ ನೇರಳೆ ಇತ್ತು, ಈಗ ಕಂದು. ಕೆಳಗಿನ ಅಣಬೆ ಹವಳವೂ ಚಹದ ಬಣ್ಣಕ್ಕೆ ತಿರುಗಿದೆ. ದೀಪವಿಲ್ಲದ ದಿನಗಳಲ್ಲಿ ಹಸಿದಿದ್ದವು, ಪಾಪ. ಏರಿಸಲೇ? ನೀನು ಹೂಂ ಅನ್ನದೆ ನಾನು ಗುಂಡಿ ಮುಟ್ಟುವುದಿಲ್ಲ.

ಭಾನುವಾರ ಮಗಳು ನರ್ಸಿಂಗ್ ಹಾಸ್ಟೆಲಿನಿಂದ ಬಂದಿದ್ದಳು. "ಅಮ್ಮಾ, ಚೆನ್ನಾಗೇ ಉರೀತಿದೆಯಲ್ಲ" ಅಂದಳು. ಅವಳಿಗೆ ಫೋನಿನ ಬೆಳಕೇ ಸೂರ್ಯ, ಅವಳ ಮಾತು ಬಿಡು.

ನಿನ್ನ ಕಾಗದವನ್ನು ಪೂರ್ತಿ ಓದಿದೆ. ಚೆನ್ನಾಗಿ ಬರೆದಿದ್ದೀಯ.

ಅಕ್ಕ


ಮಾರ್ಚ್ ೩

ಅಕ್ಕಾ,

ಕಂದು ಅಂದರೆ ಹಸಿವು, ಅನುಮಾನವೇ ಇಲ್ಲ. ಏರಿಸು. ನೀಲಿ ಆರಕ್ಕೆ ಹೋಗಲಿ. ವಾರ ಬಿಟ್ಟು ನೋಡು, ಇನ್ನೂ ಕಂದಾಗಿದ್ದರೆ ಏಳು, ಆಮೇಲೆ ಎಂಟು. ಬಣ್ಣ ತಿರುಗಿದ ಕೂಡಲೇ ನಿಲ್ಲಿಸು. ಹೆದರಬೇಡ, ನಿನ್ನ ಕಣ್ಣಿನ ಮೇಲೆ ನನಗೆ ಪೂರ್ತಿ ನಂಬಿಕೆ. ಸಣ್ಣವನಿದ್ದಾಗ ನನ್ನ ಕಾಲಿಗೆ ಚುಚ್ಚಿದ ಗಾಜಿನ ಚೂರನ್ನು ಸಂಜೆ ಬೆಳಕಿನಲ್ಲಿ ಹುಡುಕಿ ತೆಗೆದವಳು ನೀನು.

ಅಂಚಿನಲ್ಲಿ: ಬಳೆಯ ವಿಷಯಕ್ಕೆ ನೀನು ಒಂದು ಮಾತೂ ಬರೆಯಲಿಲ್ಲ. ನನ್ನ ಕವಿತ್ವ ಹಿಡಿಸಲಿಲ್ಲವೇನೋ! ಈಚೆಗೆ ದಿನಾ ಸಂಜೆ ಕಾಣುತ್ತವೆ. ಕಂಡ ದಿನ ಎಡಗಣ್ಣಿನ ಹುಬ್ಬಿನ ಮೇಲೆ ತಲೆ ಸಿಡಿಯುತ್ತದೆ. ಇಂಜಿನ್ ರೂಮಿನ ಕಾವು ಇರಬೇಕು. ಇಲ್ಲಿ ಯಾರಿಗೂ ಹೇಳಿಲ್ಲ, ಸುಮ್ಮನೆ ದಡಕ್ಕೆ ಇಳಿಸಿಬಿಡುತ್ತಾರೆ.

ತಮ್ಮ


ಮಾರ್ಚ್ ೨೦

ತಮ್ಮಾ,

ವಾರ ಕಾಯುವ ತಾಳ್ಮೆ ಇರಲಿಲ್ಲ, ನೀಲಿ ಹತ್ತಕ್ಕೆ ಮುಟ್ಟಿದೆ. ಇನ್ನು ಏರಿಸಲು ಗುಂಡಿಯಲ್ಲಿ ಜಾಗವಿಲ್ಲ. ಬಿಳಿಯನ್ನೂ ಏಳಕ್ಕೆ ತಂದೆ. ಆದರೂ ತೊಟ್ಟಿ ಮಬ್ಬು. ಕವಲು ಹವಳ ಹಳೇ ಹಲ್ಲಿನ ಬಣ್ಣಕ್ಕೆ ಬಂದಿದೆ. ಹೊಸ ದೀಪ ಇಷ್ಟು ಬೇಗ ಸೊರಗುತ್ತದೆಯೇ? ಅಂಗಡಿಯವನನ್ನು ಬೈದು ಬಂದೆ. ಅವನು ನನ್ನ ಮುಖವನ್ನೇ ನೋಡಿದ.

ಹೆಚ್ಚು ಬರೆಯುವ ಮನಸ್ಸಿಲ್ಲ. ಮೊನ್ನೆ ಸಂಜೆ ವ್ಯಾನಿಗೆ ನಾಯಿ ಅಡ್ಡ ಬಂತು. ಜೋರಾಗಿ ಬ್ರೇಕ್ ಹಾಕಿದೆ, ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದವು. ಯಾರಿಗೂ ಏನೂ ಆಗಿಲ್ಲ.

ಮಗಳು ಬೆಳಗ್ಗೆ ಕಿಟಕಿ ತೆರೆದು ತೊಟ್ಟಿಯ ಫೋಟೋ ತೆಗೆದಳು, ದೀಪ ಹಾಕುವ ಮೊದಲು. "ಮಾಮನಿಗೆ ಕಳಿಸು" ಅಂತ ಪ್ರಿಂಟು ಹಾಕಿಸಿ ಕೊಟ್ಟಳು. ಇದರ ಜೊತೆ ಇಟ್ಟಿದ್ದೇನೆ.

ಅಕ್ಕ


ಏಪ್ರಿಲ್ ೬

ಅಕ್ಕಾ,

ಈ ಕಾಗದ ಬರುವ ಮೊದಲೇ ಕಂಪನಿಯ ಗುಮಾಸ್ತ ನಿನ್ನ ಬಾಗಿಲಿಗೆ ಬಂದು ವ್ಯಾನ್ ತೆಗೆಯಬೇಡಿ ಅಂದಿದ್ದರೆ, ಅದನ್ನು ಹೇಳಿಸಿದವನು ನಾನೇ. ಕ್ಯಾಪ್ಟನ್ನರ ಕಾಲು ಹಿಡಿದು ರೇಡಿಯೋದಲ್ಲಿ ಹೇಳಿಸಿದೆ. ಬೈಯುವುದಿದ್ದರೆ ಆಮೇಲೆ ಬೈಯುವೆಯಂತೆ, ಮೊದಲು ಇದನ್ನು ಓದು. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಫೋಟೋದಲ್ಲಿ ಹವಳ ಕಂದಾಗಿಲ್ಲ. ಸುಣ್ಣ ಬಳಿದ ಹಾಗೆ ಬಿಳಿ. ಅಣಬೆ ಹವಳ ಕಲ್ಲಿನ ಹಿಂದಕ್ಕೆ ಜರುಗಿ ನೆರಳಿಗೆ ಮುದುಡಿಕೊಂಡಿದೆ. ಬೆಳಕಿಲ್ಲದೆ ಹೀಗಾಗುವುದಿಲ್ಲ, ಬೆಳಕು ಸುರಿದು ಸುಟ್ಟರೆ ಹೀಗಾಗುತ್ತದೆ. ಫೋಟೋ ಹಿಡಿದುಕೊಂಡು ಕ್ಯಾಪ್ಟನ್ನರ ಹತ್ತಿರ ಓಡಿದೆ. ಹವಳಕ್ಕಾಗಿ ಅಂದುಕೊಳ್ಳಬೇಡ. ದೀಪ ಸರಿಯಾಗಿದೆ ಅಕ್ಕಾ. ಬಿಳಿ ನಿನಗೆ ಕಂದಾಗಿ ಕಾಣುತ್ತಿದೆ. ನೀಲಿ ನಿನಗೆ ಕಾಣುತ್ತಲೇ ಇಲ್ಲ.

ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದೆ. ಮನೆಯಲ್ಲಿ ಒಂದೇ ಒಂದು ಪೆನ್ನೂ ಸಿಗುತ್ತಿಲ್ಲವೇ, ಪ್ರತಿ ಸಲ ಸ್ಕೆಚ್ ಪೆನ್ನೇ? ನಾನು ಅಂಚಿನಲ್ಲಿ ಬರೆದ ಯಾವುದಕ್ಕೂ ನೀನು ಉತ್ತರ ಕೊಟ್ಟಿಲ್ಲ. ಓದಲು ಆಗಲಿಲ್ಲ, ಅಲ್ಲವೇ? ಮೊನ್ನೆ ಅಡ್ಡ ಬಂದದ್ದು ನಿಜವಾಗಿಯೂ ನಾಯಿಯೇ?

ಹೀಗೆ ಮಾಡು. ಬಿಳಿಯ ಗುಂಡಿ ಪೂರಾ ಆರಿಸು, ನೀಲಿ ಮಾತ್ರ ಬಿಡು. ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಇಬ್ಬರೂ ಏನು ಕಾಣುತ್ತದೆ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ನೀಲಿಯನ್ನು ಮೂರಕ್ಕೆ ಇಳಿಸು. ಆಮೇಲೆ ಆಸ್ಪತ್ರೆಗೆ ಹೋಗು. ನಿನಗೆ ಅಮ್ಮನ ಭಯ ಅಂತ ನನಗೆ ಗೊತ್ತು. ನನಗೂ ಅದೇ ಭಯ. ಆ ಮಕ್ಕಳನ್ನು ನೆನೆದು ಹೋಗು.

ತಮ್ಮ


ಏಪ್ರಿಲ್ ೮

ಕಂಪನಿಯ ಗುಮಾಸ್ತ ಬೆಳಗ್ಗೆ ಬಂದ, ಮಕ್ಕಳು ವ್ಯಾನ್ ಹತ್ತುತ್ತಿರುವಾಗ, ಅವರ ತಾಯಂದಿರು ನಿಂತಿರುವಾಗ. "ನಿಮ್ಮ ತಮ್ಮ ಹೇಳಿದಾರೆ, ನಿಮಗೆ ಕಣ್ಣು ಕಾಣಲ್ವಂತೆ, ಗಾಡಿ ಓಡಿಸಬಾರದಂತೆ" ಅಂತ ಎಲ್ಲರೆದುರು ಕೂಗಿದ. ನನ್ನ ಮಾನ ಬೀದಿಗೆ ತಂದೆ. ನನ್ನ ಕಣ್ಣಿಗೆ ಏನೂ ಆಗಿಲ್ಲ. ನಿನ್ನ ದೀಪ ಕೆಟ್ಟಿದೆ. ನೀನು ಬಂದು ನಿನ್ನ ತೊಟ್ಟಿ ನೀನೇ ನೋಡಿಕೋ.


ಏಪ್ರಿಲ್ ೨೭

ತಮ್ಮಾ,

ಹಿಂದಿನ ಕಾಗದ ಹರಿದು ಹಾಕು.

ನಿನ್ನ ಕಾಗದ ಬಂದ ಮೇಲಿನ ಭಾನುವಾರ ಮಗಳು ಬಂದಿದ್ದಳು. ಅವಳ ಕೈಯಲ್ಲೇ ಓದಿಸಿದೆ. ಇಬ್ಬರೂ ಅಮ್ಮನ ಕೋಣೆಗೆ ಹೋದೆವು. ಬಿಳಿ ಆರಿಸಿದೆ. ನನಗೆ ದೀಪವೇ ಹೋಯಿತು ಅನಿಸಿತು. ಎದುರಿಗೆ ಬೂದಿ ಬಣ್ಣದ ಕತ್ತಲೆ, ಅದರೊಳಗೆ ಪಂಪಿನ ಸದ್ದು. "ನೋಡು, ಕೆಟ್ಟಿದೆ ಅಂತ ಹೇಳಲಿಲ್ವಾ" ಅಂತ ತಿರುಗಿದೆ. ಅವಳು ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದು ನಿಂತಿದ್ದಳು. "ಅಮ್ಮಾ, ಕಣ್ಣು ಕುಕ್ಕುತ್ತೆ, ಆರಿಸಮ್ಮಾ" ಅಂದಳು. ಇಬ್ಬರೂ ಅಲ್ಲೇ ಅತ್ತೆವು. ಅಮ್ಮ ಕೊನೆಯ ದಿನಗಳಲ್ಲಿ ಮಂಚದ ಅಂಚನ್ನು ಸವರಿಕೊಂಡು ಕೂರುತ್ತಿದ್ದಳಲ್ಲ, ಅದೇ ಜಾಗದಲ್ಲಿ.

ನಾಯಿಯಲ್ಲ ಕಣೋ. ಬೂದು ಕೋಟಿನ ಒಬ್ಬ ಮುದುಕರು. ಸಂಜೆ ಹೊತ್ತು, ರಸ್ತೆಯೂ ಬೂದು, ಅವರೂ ಬೂದು. ಹಿಂದಿನ ಸೀಟಿನ ಪುಟ್ಟಿ "ಆಂಟೀ, ತಾತಾ!" ಅಂತ ಕಿರುಚಿದ್ದಕ್ಕೆ ಬ್ರೇಕ್ ತುಳಿದೆ. ಬದಿಯ ಕನ್ನಡಿ ಅವರ ಚೀಲಕ್ಕೆ ತಾಗಿತು. ಅವರು ನನ್ನ ಕಿಟಕಿಗೆ ಬಂದು "ನಿಧಾನ ತಾಯಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಮರುದಿನವೂ ಗಾಡಿ ತೆಗೆದೆ, ನನ್ನ ಧೈರ್ಯಕ್ಕೆ ಬೆಂಕಿ ಹಾಕ. ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾರಾದರೂ ಬಂದರೆ ಹೇಳು, ಅದೊಂದು ಆಟ ಅಂದೆ. ಆ ಮಗುವನ್ನು ನನ್ನ ಕಣ್ಣು ಮಾಡಿಕೊಂಡಿದ್ದೆ.

ವ್ಯಾನಿನ ಬೀಗದ ಕೈಯನ್ನು ಬಡಗಿಯ ಹೆಂಡತಿಗೆ ಕೊಟ್ಟಿದ್ದೇನೆ, ಅವರಿಗೂ ಲೈಸೆನ್ಸ್ ಇದೆ. ನಾಳೆ ಆಸ್ಪತ್ರೆ. ಅಮ್ಮನಿಗೆ ಬಂದದ್ದೇ ನನಗೂ ಬಂದಿದ್ದರೆ ಏನು ಮಾಡಲೋ? ಅಮ್ಮನನ್ನು ನೋಡಿಕೊಳ್ಳಲು ನಾನಿದ್ದೆ. ನನ್ನ ಮಗಳ ಬದುಕು ನನ್ನ ಕೈಹಿಡಿದು ನಡೆಸುವುದರಲ್ಲೇ ಕಳೆದುಹೋಗಬಾರದು. ನನಗೆ ತುಂಬಾ ಹೆದರಿಕೆಯಾಗುತ್ತಿದೆ.

ನೀಲಿ ಮೂರಕ್ಕೆ ಇಳಿಸಿದ್ದಾಳೆ. ಕವಲು ಹವಳ ಹೋಯಿತು ಅನ್ನುತ್ತಾಳೆ. ತಪ್ಪಾಯಿತು.

ಅಕ್ಕ


ಮೇ ೧೮

ತಮ್ಮಾ,

ಮೊದಲು ಒಳ್ಳೆಯದು, ಬೇಗ ಬೇಗ ಹೇಳಿ ಮುಗಿಸುತ್ತೇನೆ. ನನಗಿರುವುದು ಪೊರೆ. ಬರೀ ಪೊರೆ. "ಇಷ್ಟು ಬಲಿಯೋ ತನಕ ಏನಮ್ಮಾ ಮಾಡ್ತಿದ್ರಿ?" ಅಂತ ಡಾಕ್ಟರಮ್ಮ ಬೈದರು. ಹಳದಿ ಗಾಜಿನ ಹಾಗೆ ಅದು ನೀಲಿಯನ್ನು ಒಳಗೆ ಬಿಡುತ್ತಿರಲಿಲ್ಲವಂತೆ. ಬಲಗಣ್ಣಿನದು ತೆಗೆದಾಯಿತು, ಎಡದ್ದು ಮುಂದಿನ ತಿಂಗಳು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ತೊಟ್ಟಿಯ ಮುಂದೆ ನಿಂತೆ. ಅಯ್ಯೋ, ಎಂಥ ನೀಲಿಯೋ! ಇಷ್ಟು ದಿನ ಈ ಬೆಂಕಿಯನ್ನು ಆ ಮೂಕ ಜೀವಗಳ ತಲೆಗೆ ಸುರಿದೆನಲ್ಲ. ಅಣಬೆ ಹವಳದ ಬುಡದಲ್ಲಿ ಹಸಿರು ಮರಳಿದೆ. ಅದು ಬದುಕುತ್ತದೆ.

ಈಗ ಕೇಳು.

ಡಾಕ್ಟರಮ್ಮ ಅಮ್ಮನ ಕಥೆ ಕೇಳಿದರು. ಅದು ಪೊರೆಯಲ್ಲ, ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ, ರಕ್ತಸಂಬಂಧದಲ್ಲಿ ಬರುತ್ತದೆ ಅಂದರು. ನನ್ನ ಕಣ್ಣಿನಲ್ಲಿ ಒತ್ತಡ ಇಲ್ಲವಂತೆ. "ಒಡಹುಟ್ಟಿದೋರು ಯಾರಾದ್ರೂ ಇದ್ದಾರಾ?" ಅಂದರು. ಒಬ್ಬ ತಮ್ಮ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ ಅಂದೆ.

ಹೊಸ ಕಣ್ಣಿನ ಹುರುಪಿನಲ್ಲಿ ನಿನ್ನ ಕಾಗದಗಳನ್ನು ಕಿಟಕಿಯ ಹತ್ತಿರ ಹಿಡಿದು ಓದಿದೆ. ಅಂಚುಗಳನ್ನೂ ಓದಿದೆ. ಇವತ್ತೇ ಮೊದಲ ಸಲ.

ದೀಪದ ಸುತ್ತ ಬಳೆ ಅಂತ ಬರೆದಿದ್ದೀಯ.

ನೀನಾಗ ಇನ್ನೂ ಮಡಿಲ ಕೂಸು, ನಿನಗೆ ನೆನಪಿರಲಾರದು. ಅಮ್ಮ ಬಾಗಿಲಲ್ಲಿ ನಿನ್ನನ್ನು ಎತ್ತಿಕೊಂಡು ನಿಂತು ನನಗೆ ಬೀದಿದೀಪ ತೋರಿಸುತ್ತಿದ್ದಳು. "ನೋಡೇ, ದೀಪಕ್ಕೆ ಯಾರೋ ಬಳೆ ತೊಡಿಸಿದಾರೆ, ಎಷ್ಟು ಬಣ್ಣ!" ಅನ್ನುತ್ತಿದ್ದಳು. ನನಗೆ ಕಾಣುತ್ತಿರಲಿಲ್ಲ. ಕಂಡಿತು ಅಂತ ಸುಳ್ಳು ಹೇಳುತ್ತಿದ್ದೆ, ಅವಳಿಗೆ ಖುಷಿಯಾಗಲಿ ಅಂತ. ಆಮೇಲೆ ಹುಬ್ಬಿನ ಮೇಲೆ ತಲೆನೋವು ಅಂತ ಬಟ್ಟೆ ಬಿಗಿದುಕೊಂಡು ಮಲಗುತ್ತಿದ್ದಳು. ಆಮೇಲೆ ಒಂದು ದಿನ ಬೀದಿದೀಪವೇ ಕಾಣಲಿಲ್ಲ.

ಅದು ಮಂಜಲ್ಲ ಕಣೋ. ಡಾಕ್ಟರಮ್ಮನ ಹತ್ತಿರ ಓಡಿ ನಿನ್ನ ಸಾಲುಗಳನ್ನು ಓದಿ ಹೇಳಿದೆ. "ಈಗ್ಲೇ ಇಳಿದು ತೋರಿಸ್ಲಿ, ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸಬಹುದು" ಅಂದರು. ನೀನು ನನ್ನ ಮೇಲೆ ಗುಮಾಸ್ತನನ್ನು ಛೂ ಬಿಟ್ಟೆಯಲ್ಲ, ಈಗ ನನ್ನ ಸರದಿ. ಕಂಪನಿಯ ಆಫೀಸಿಗೆ ಹೋಗಿ, ನಿನ್ನ ಕ್ಯಾಪ್ಟನ್ನರಿಗೆ ರೇಡಿಯೋದಲ್ಲಿ ಹೇಳುವ ತನಕ ಏಳುವುದಿಲ್ಲ ಅಂತ ಅವರ ಬಾಗಿಲಲ್ಲಿ ಕೂತೆ. ಹೇಳಿಸಿಯೇ ಎದ್ದೆ. ಮುಚ್ಚಿಡಬೇಡ, ನಮ್ಮಪ್ಪ. ನಾನು ಮುಚ್ಚಿಟ್ಟದ್ದಕ್ಕೆ ಹವಳ ಸತ್ತಿತು, ಆ ಮುದುಕರು ಸಾಯುತ್ತಿದ್ದರು. ಕೆಲಸ ಹೋದರೆ ಹೋಗಲಿ. ನಿನ್ನನ್ನು ಅಮ್ಮನ ಕೋಣೆಯಲ್ಲಿ ಪಂಪಿನ ಸದ್ದು ಕೇಳಿಸಿಕೊಂಡು ಕೂರಲು ನಾನು ಬಿಡುವುದಿಲ್ಲ.

ಅಕ್ಕ


ಮೇ ೨೩

ಅಕ್ಕಾ,

ನಿನ್ನ ಕಾಗದ ಇನ್ನೂ ಬಂದಿಲ್ಲ, ರೇಡಿಯೋ ಸಂದೇಶ ಬಂತು. ಕ್ಯಾಪ್ಟನ್ ಎಲ್ಲರೆದುರು ಓದಿದರು. "ನನ್ನದು ಬರೀ ಪೊರೆ, ಒಂದು ಕಣ್ಣಿನದು ತೆಗೆದಾಯಿತು. ದೀಪದ ಸುತ್ತ ಬಳೆ ಕಂಡರೆ ಅದು ಅಮ್ಮನ ಕಾಯಿಲೆ, ನನ್ನ ತಮ್ಮನನ್ನು ಇಳಿಸಿ." ನಗುವ ಫಿಟ್ಟರ್ ಕೂಡ ನಗಲಿಲ್ಲ. ಗುಮಾಸ್ತ ನಿನ್ನ ಬಾಗಿಲಿಗೆ ಬಂದಾಗ ಹೇಗಾಗಿರಬೇಕು ಅಂತ ಈಗ ಗೊತ್ತಾಯಿತು.

ಆದರೂ ಸುಳ್ಳೇ ಹೇಳಿದೆ. ಅದು ಮಂಜು ಸಾರ್, ಎಲ್ಲರಿಗೂ ಕಾಣುತ್ತದಲ್ಲ ಅಂದೆ. ಕ್ಯಾಪ್ಟನ್ ಒಬ್ಬೊಬ್ಬರನ್ನೇ ಕೇಳಿದರು. ಅಡುಗೆಯವನನ್ನೂ ಕರೆಸಿ ಕೇಳಿದರು. ಯಾರಿಗೂ ಕಾಣುವುದಿಲ್ಲವಂತೆ ಅಕ್ಕಾ. ಇಷ್ಟು ತಿಂಗಳು ನಾನೊಬ್ಬನೇ ನೋಡುತ್ತಿದ್ದೆ.

ನಿನ್ನ ಕಣ್ಣನ್ನು ಇಷ್ಟು ದೂರದಿಂದ ಪರೀಕ್ಷೆ ಮಾಡಿದವನು ನಾನು. ನನ್ನದನ್ನು ಒಂದು ಸಲವೂ ಮಾಡಿಕೊಂಡಿರಲಿಲ್ಲ. ಈಗ ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಲ್ಲಿ ಈ ಹಾಳೆ ನೋಡಿದೆ. ಬದಿಯಲ್ಲಿ ಅಂಚೇ ಇಲ್ಲ.

ನಾಳೆ ಬಂದರು. ಕಣ್ಣಿನ ಆಸ್ಪತ್ರೆಗೆ ಸೀದಾ ಕರೆದೊಯ್ಯಲು ಗಾಡಿ ಹೇಳಿದ್ದಾರೆ. ಅಲ್ಲಿಂದ ಮನೆಗೆ. ಭಯವಾಗುತ್ತಿದೆ. ಬರೆಯುತ್ತಿದ್ದರೆ ಸ್ವಲ್ಪ ತಡೆದುಕೊಳ್ಳಬಹುದು ಅಂತ ಬರೆಯುತ್ತಿದ್ದೇನೆ. ಅಣಬೆ ಹವಳ ಇದೆಯೇ? ಇದ್ದರೆ ನೀಲಿಯನ್ನು ಈಗಿರುವಷ್ಟಕ್ಕೇ ಬಿಡು. ನಾನು ಬಂದ ಮೇಲೆ ಇಬ್ಬರೂ ನಿಂತು ನೋಡಿ ಏರಿಸೋಣ, ನಿನ್ನ ಹೊಸ ಕಣ್ಣೊಂದು, ನನ್ನದು ಉಳಿದಷ್ಟು.

ಇವತ್ತು ಮಂಜಿಲ್ಲ. ಆಕಾಶ ತೊಳೆದಿಟ್ಟ ಹಾಗಿದೆ, ದೂರದ ದಡವೂ ಕಾಣುತ್ತದೆ. ಈಗಷ್ಟೇ ಡೆಕ್ಕಿನ ದೀಪ ಹಚ್ಚಿದರು.

ಬಳೆ ಇದೆ ಅಕ್ಕಾ.

ತಮ್ಮ